ಬಸ್ಸು ತುಮಕೂರು ದಾಟಿತು

ಆಫೀಸ್ ಕೆಲಸಕ್ಕೆ ಹುಬ್ಬಳ್ಳಿಗೆ ಹೊರಟಿದ್ದೇನೆ. ಮನೆಯಿಂದ ಈಗ 70 ಕಿಲೋಮೀಟರ್ ದೂರ. ಮಗಳಿಗೆ 101 ಜ್ವರ. ಪ್ಯಾರಾಸಿಟಮಾಲ್ ಸಿರಪ್ ಮತ್ತೆ ಎಷ್ಟು ಹೊತ್ತಿಗೆ ಕೊಡಬೇಕು ಅಂತ ಫ್ರಿಜ್ಜಿಗೆ ಚೀಟಿ ಅಂಟಿಸಿ ಬಂದೆ. ಅವಳಪ್ಪನಿಗೆ ಗೊತ್ತಿಲ್ಲದ್ದೇನಲ್ಲ, ಸುಮ್ನೆ ನನ್ನ ಸಮಾಧಾನಕ್ಕೆ. ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಹಾಕಿದ್ದೂ ಆಯಿತು, ಅದೂ ಗ್ಯಾಸ್ ಒಲೆ ಮೇಲೆ! ಮನೆಯವರೆಲ್ಲ ಕೆಮ್ಮಿದ್ದೇ ಕೆಮ್ಮಿದ್ದು.

ಯಾವಾಗಲೂ "ಹೋಗಿ ಬರ್ತೀನಿ ಪುಟ್ಟಿ" ಅನ್ನುವವಳು ಇವತ್ತು ಗಡಿಬಿಡಿಯಲ್ಲಿ "ಹೊರಟೆ" ಅಂದುಬಿಟ್ಟೆ. ಜ್ವರಕ್ಕಿಂತ ಅದೇ ಜಾಸ್ತಿ ಕೊರೆಯುತ್ತಿದೆ. ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು, ಆದರೂ.

ದುಪಟ್ಟಾ ತುದಿಯಲ್ಲಿ ಅವಳು ಉಗಿದ ಸಿರಪ್ಪಿನ ಕಿತ್ತಳೆ ಕಲೆ. ಇನ್ನೂ ಅಂಟಂಟು. ಶಿರಾ ಬಂದಾಗ ಫೋನ್ ಮಾಡಬೇಕು. ಬೇಡ, ಮಲಗಿದ್ದರೆ ಎದ್ದುಬಿಡುತ್ತಾಳೆ. ಮೆಸೇಜ್ ಸಾಕು ಅಲ್ವಾ?