ಎಷ್ಟು ಎಳೆಯ ಚಾವಟಿ ಅಂತ ಕೇಳುವುದನ್ನು ಬಿಡಿ

"ಟಾರ್ಗೆಟ್ ಹೊಡೆಯೋಕೆ ಎಷ್ಟು ಎಳೆಯ ಬುಲ್‌ವಿಪ್ ತಗೊಳ್ಲಿ?" ನೇತುಹಾಕಿದ ಕಾಗದದ ಪಟ್ಟಿಯನ್ನು ಚಾವಟಿಯ ತುದಿ ಕತ್ತರಿಸುವುದನ್ನು ಒಮ್ಮೆ ನೋಡಿದವರೆಲ್ಲ ಕೇಳುವುದು ಇದನ್ನೇ. ಕೈಯಲ್ಲಿ ಹೆಣೆದದ್ದೇ ಬೇಕು, 8 ಎಳೆಯದೋ 12ರದೋ 16ರದೋ ಅಷ್ಟು ಹೇಳಿ ಸಾಕು, ಅನ್ನುತ್ತಾರೆ. ಬುಲ್‌ವಿಪ್ ಅಂದರೆ ಗಿಡ್ಡ ಹಿಡಿಯ, ಹೆಣೆದ ಉದ್ದ ಚಾವಟಿ; ಎಳೆ ಅಂದರೆ ಅದರ ಹೊರ ಹೆಣಿಗೆಯ ಪಟ್ಟಿಗಳು. ಹೇಳಿ ಹೇಳಿ ಸಾಕಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಉದ್ದದ ವಿಷಯ ಬೇಗ ಮುಗಿಸುತ್ತೇನೆ. 6 ಅಡಿ. ಹೊಸಬರಿಗೂ ಅದೇ, ಪಳಗಿದವರಿಗೂ ಹೆಚ್ಚಾಗಿ ಅದೇ. ಬುಲ್‌ವಿಪ್‌ನ ಅಳತೆಯನ್ನು ಸಾಮಾನ್ಯವಾಗಿ ಹಿಡಿಯ ಬುಡದಿಂದ ಹೆಣಿಗೆ ಮುಗಿಯುವ ತನಕ ಹೇಳುತ್ತಾರೆ. ಅದರಾಚೆಗಿನ ಒಂಟಿ ಪಟ್ಟಿ, ಅಂದರೆ ಫಾಲ್, ಅದರ ತುದಿಗೆ ಕಟ್ಟುವ ದಾರದ ಕ್ರ್ಯಾಕರ್, ಎರಡೂ ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಾಗಿ ಚಾವಟಿ ಮುಟ್ಟುವ ದೂರ ಹೇಳಿದ್ದಕ್ಕಿಂತ ಜಾಸ್ತಿ. 10 ಅಡಿಯದನ್ನು ಬೀಸಿದರೆ ಕೈಯ ಸಣ್ಣ ಓರೆಯೂ ತುದಿಯಲ್ಲಿ ದೊಡ್ಡದಾಗುತ್ತದೆ. 4 ಅಡಿಯದು ತುಂಬಾ ಚುರುಕು, ಮುಖಕ್ಕೂ ಹತ್ತಿರ.

ಇನ್ನು ಎಳೆ. 16 ಎಳೆಯದು ನೋಡಲು ಚೆಂದ, ಒಪ್ಪುತ್ತೇನೆ. ಕಾಂಗರೂ ಚರ್ಮ ತೆಳುವಾದರೂ ಗಟ್ಟಿ, ಅಷ್ಟು ಸಣ್ಣ ಎಳೆ ಕತ್ತರಿಸಿದರೂ ತಡೆಯುತ್ತದೆ. ಆದರೆ ಗುರಿ ಮುಟ್ಟಿಸುವುದು ಎಳೆಯ ಲೆಕ್ಕವಲ್ಲ.

ಒಮ್ಮೆ ಒಬ್ಬರು 16 ಎಳೆಯ ಹೊಸ ಚಾವಟಿ ತಂದು, "ಇಷ್ಟು ದುಡ್ಡು ಕೊಟ್ಟಿದೀನಿ, ಒಂದೂ ತಾಗ್ತಿಲ್ಲ, ನೋಡಿ ಸರ್" ಎಂದು ನನ್ನ ಕೈಗಿಟ್ಟರು. ಹೊರಗಿನ ಹೆಣಿಗೆಯಲ್ಲಿ ಒಂದು ಕಡೆಯೂ ಸಡಿಲವಿಲ್ಲ. ಹಿಡಿಯನ್ನು ನೆಲಕ್ಕೆ ಸಮನಾಗಿ ಹಿಡಿದೆ. ಹಿಡಿ ಮುಗಿದ ಜಾಗದಲ್ಲೇ ಚಾವಟಿ ಕೀಲು ಬಿಟ್ಟ ಬಾಗಿಲಿನಂತೆ ಜೋತುಬಿತ್ತು. ಬೆರಳಿನಿಂದ ಒತ್ತುತ್ತಾ ಹೋದರೆ ನಡುವೆ ಒಂದು ಗಂಟು, ಅದರ ಮುಂದೆ ಮೆತ್ತಗೆ, ಟೊಳ್ಳು. ನನ್ನ 12 ಎಳೆಯದನ್ನು ಅವರಿಗೆ ಕೊಟ್ಟೆ. ಸ್ವಲ್ಪ ಹೊತ್ತಿನಲ್ಲೇ ಕಾಗದ ಹರಿಯತೊಡಗಿತು. ಅವರ ಕೈ ಸರಿಯಾಗೇ ಇತ್ತು! ಅಲ್ಲಿಯವರೆಗೆ ಅವರಿಗೆ "ಅಭ್ಯಾಸ ಸಾಲದು" ಎಂದು ಸುಮ್ನೆ ಬೈದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.

ನೀವು ಕೇಳಬೇಕಾದದ್ದು ಇದು: ಒಳಗೆ ಏನಿದೆ?

ಚಾವಟಿಯ ಸದ್ದು ಹುಟ್ಟುವುದು ತುದಿಯ ಭಾಗ ಶಬ್ದದ ವೇಗವನ್ನು, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರನ್ನು, ದಾಟಿದಾಗ. ಕೈ ಕೊಟ್ಟ ಬಲ ಒಂದು ಸುರುಳಿಯಾಗಿ ಮುಂದೆ ಓಡುತ್ತದೆ, ಚಾವಟಿ ಸಣ್ಣಗಾಗುತ್ತಾ ಹಗುರಾಗುತ್ತಾ ಹೋದ ಹಾಗೆ ವೇಗ ಏರುತ್ತದೆ. ಆ ಸಣ್ಣಗಾಗುವಿಕೆ ಒಂದೇ ಸಮ ಇದ್ದರೆ ಸುರುಳಿ ಪ್ರತಿ ಸಲ ಅದೇ ಹಾದಿ ಹಿಡಿಯುತ್ತದೆ. ನಡುವೆ ಗಂಟು, ಟೊಳ್ಳು ಇದ್ದರೆ ಅಲ್ಲೇ ದಾರಿ ತಪ್ಪುತ್ತದೆ, ನೀವು ಎಷ್ಟೇ ನೇರ ಬೀಸಿದರೂ. ಒಳ್ಳೆಯ ಚರ್ಮದ ಚಾವಟಿಯೊಳಗೆ ಒಂದು ತಿರುಳು, ಅದರ ಮೇಲೆ ಒಳ ಹೆಣಿಗೆ, ಅದಕ್ಕೆ ಬಿಗಿಯಾಗಿ ಸುತ್ತಿದ ಚರ್ಮದ ಪದರ ಇರುತ್ತವೆ. ನೀವು ಎಣಿಸುವ ಎಳೆಗಳು ಆಮೇಲಿನವು.

ಆದ್ದರಿಂದ ಹೆಣೆಯುವವರನ್ನೇ ಕೇಳಿ. ಒಳಗೆ ಎಷ್ಟು ಹೆಣಿಗೆ? ಅವೂ ತುದಿಯ ಕಡೆಗೆ ಸಣ್ಣಗಾಗುತ್ತವೆಯೇ? ಹಿಡಿಯಿಂದ ಆಚೆ ಬಿಗಿ ನಿಧಾನವಾಗಿ ಕಡಿಮೆಯಾಗುತ್ತದೆಯೋ, ಥಟ್ಟನೆ ನಿಲ್ಲುತ್ತದೆಯೋ? ನೈಲಾನ್ ಪ್ಯಾರಾಕಾರ್ಡ್, ಅಂದರೆ ತೆಳು ಗಟ್ಟಿ ಹಗ್ಗದ್ದಾದರೆ, ತೂಕಕ್ಕೆ ಒಳಗೆ ಏನು ಹಾಕಿದ್ದಾರೆ? ನೈಲಾನ್ ಅಂತ ಮೂಗು ಮುರಿಯಬೇಡಿ. ಚೆನ್ನಾಗಿ ಮಾಡಿದ್ದು ಚೆನ್ನಾಗೇ ಹೊಡೆಯುತ್ತದೆ, ಒದ್ದೆಯಾದರೂ ಕೆಡುವುದಿಲ್ಲ.

ಇಷ್ಟಕ್ಕೂ ಬೇಸರವಿಲ್ಲದೆ ಉತ್ತರ ಕೊಡುವವರು ಸಿಕ್ಕರೆ 8 ಎಳೆಯದಾದರೂ ಕೊಳ್ಳಿ. ಜೊತೆಗೆ ಇನ್ನೊಂದು ಫಾಲ್, ಒಂದು ಕಟ್ಟು ಕ್ರ್ಯಾಕರ್ ಕೇಳಿ ಇಟ್ಟುಕೊಳ್ಳಿ. ಕ್ರ್ಯಾಕರ್ ಬೇಗ ಸವೆಯುತ್ತದೆ. ಹೊಸದನ್ನು ಹಳೆಯದರಷ್ಟೇ ಉದ್ದಕ್ಕೆ ಕಟ್ಟಿ, ಇಲ್ಲದಿದ್ದರೆ ನಿಂತ ಜಾಗವನ್ನೇ ಬದಲಿಸಬೇಕಾಗುತ್ತದೆ. ಕಣ್ಣಿಗೆ ರಕ್ಷಣೆಯ ಕನ್ನಡಕ ಮಾತ್ರ ಮೊದಲ ದಿನದಿಂದಲೇ ಹಾಕಿ.