ಕಿಟ್‌ನಲ್ಲಿ ಸ್ಪ್ರೇ ಇತ್ತು, ಗಾಜ್ ಇರಲಿಲ್ಲ

ಮೊನ್ನೆಯ ಟ್ರೆಕ್ ಬ್ಯಾಚ್‌ನಲ್ಲಿ ಒಬ್ಬರು ಒದ್ದೆ ಬಂಡೆ ಮೇಲೆ ಜಾರಿ ಅಂಗೈ ಸೀಳಿಕೊಂಡರು. ನಾನು ಲೀಡ್, ಎಲ್ಲರ ಹಿಂದೆ ಬರುವ ಸ್ವೀಪ್‌ಗೆ ಹೊಸ ಹುಡುಗ. ಕಿಟ್ ಬಿಚ್ಚಿದರೆ ರಾಶಿ ಬ್ಯಾಂಡ್‌ಏಡ್, ನೋವಿನ ಸ್ಪ್ರೇ, ಹತ್ತಿ ಉಂಡೆ, ಒಂದು ಕ್ರೇಪ್ ಬ್ಯಾಂಡೇಜ್. ಗಾಯದ ಮೇಲಿಡುವ ಜಾಳು ಬಟ್ಟೆ, ಅಂದರೆ ಗಾಜ್ ಇಲ್ಲ, ಗ್ಲೌಸೂ ಇಲ್ಲ. ತೆರೆದ ಗಾಯದ ಮೇಲೆ ಹತ್ತಿ ಇಟ್ಟರೆ ಎಳೆಗಳೆಲ್ಲ ಒಳಗೇ ಅಂಟಿಕೊಳ್ಳುತ್ತವೆ ಅಂತ ಖರೀದಿ ಮಾಡುವವರಿಗೆ ಹೇಳಿ ಹೇಳಿ ಸಾಕಾಗಿದೆ.

ಪ್ಲಾಸ್ಟಿಕ್ ಕವರನ್ನೇ ಕೈಗೆ ಹಾಕಿಕೊಂಡು, ಅವರ ಬ್ಯಾಗಿನಲ್ಲಿದ್ದ ಒಗೆದ ಕಾಟನ್ ಟವೆಲ್ ಮಡಚಿ ಒತ್ತಿ ಹಿಡಿದೆ. ಕೈ ಎದೆಗಿಂತ ಮೇಲೆ. ಹತ್ತು ನಿಮಿಷ ಬಿಡುವಂತಿಲ್ಲ. ‘ಸರ್, ರಕ್ತ ನಿಂತಿರ್ಬೇಕು, ಒಂದ್ಸಲ ನೋಡೋಣ್ವಾ?’ ಅಂತ ಹುಡುಗ ನಿಮಿಷಕ್ಕೊಮ್ಮೆ ಕೇಳುತ್ತಿದ್ದ. ಎತ್ತಿ ನೋಡಿದರೆ ಆಗತಾನೇ ಹೆಪ್ಪುಗಟ್ಟಿದ್ದು ಕಿತ್ತು ಬರುತ್ತದೆ, ಮತ್ತೆ ಮೊದಲಿಂದ ಶುರು. ಟವೆಲ್ ತೋಯ್ದಾಗಲೂ ತೆಗೆಯದೆ ಮೇಲೊಂದು ಬಟ್ಟೆ ಇಟ್ಟು ಇನ್ನೂ ಗಟ್ಟಿಯಾಗಿ ಒತ್ತಿದೆ.

ರಕ್ತ ನಿಂತ ಮೇಲೆ ತೊಳೆಯುವ ಕೆಲಸ. ಬಾಟಲಿ ಮುಚ್ಚಳಕ್ಕೆ ಪಿನ್ನಿನಿಂದ ತೂತು ಮಾಡಿ ಕುಡಿಯುವ ನೀರನ್ನು ಚಿಮ್ಮಿಸಿದರೆ ಮಣ್ಣು, ಪಾಚಿ ಚೂರು ಎಲ್ಲ ಹೊರಬಂತು. ಯಾರೋ ಆಂಟಿಸೆಪ್ಟಿಕ್ ಬಾಟಲಿ ಹಿಡಿದು ಬಂದರು. ಅದನ್ನು ಹಾಗೇ ಗಾಯದೊಳಗೆ ಸುರಿದರೆ ಮಾಂಸಕ್ಕೇ ಪೆಟ್ಟು, ಬೇಡ ಅಂದೆ. ಒಗೆದ ಕರ್ಚೀಫ್ ಇಟ್ಟು ಕ್ರೇಪ್ ಸುತ್ತಿದೆ. ಮತ್ತೆ ರಕ್ತ ಬಂದೀತೆಂದು ಎರಡು ಸುತ್ತು ಜಾಸ್ತಿಯೇ ಬಿಗಿದೆ.

ಸ್ವಲ್ಪ ದೂರ ಇಳಿದ ಮೇಲೆ ‘ಬೆರಳು ಜುಂ ಅಂತಿದೆ’ ಅಂದರು. ‘ಭಯಕ್ಕೆ ಹಂಗನ್ಸುತ್ತೆ, ನಡೀರಿ’ ಅಂದುಬಿಟ್ಟೆ. ಎರಡನೇ ಸಲ ಹೇಳಿದಾಗ ಮುಟ್ಟಿದರೆ ಬೆರಳು ತಣ್ಣಗೆ. ಉಗುರು ಒತ್ತಿ ಬಿಟ್ಟೆ. ರಕ್ತ ಸರಿಯಾಗಿ ಹರಿಯುತ್ತಿದ್ದರೆ ಎರಡು ಸೆಕೆಂಡಿನಲ್ಲಿ ಗುಲಾಬಿ ಬಣ್ಣ ಮರಳಬೇಕು. ಇಲ್ಲಿ ಬೆಳ್ಳಗೇ ನಿಂತಿತ್ತು. ಸಾಲದ್ದಕ್ಕೆ ಊದಿದ ಬೆರಳಲ್ಲಿ ಉಂಗುರ ಕಚ್ಚಿಕೊಂಡಿತ್ತು. ಮೊದಲೇ ತೆಗೆಸಿದ್ದರೆ ಸಲೀಸಾಗಿ ಬರುತ್ತಿತ್ತು. ಬ್ಯಾಂಡೇಜ್ ಬಿಚ್ಚಿ, ಸೋಪು ಹಚ್ಚಿ ತಿರುಗಿಸಿ ತಿರುಗಿಸಿ ಉಂಗುರ ತೆಗೆಯುವಷ್ಟರಲ್ಲಿ ಇಬ್ಬರೂ ಬೆವೆತಿದ್ದೆವು. ಆಮೇಲೆ ಬೆರಳ ಕಡೆಯಿಂದ ಮಣಿಕಟ್ಟಿನತ್ತ, ತುದಿಬೆರಳು ಕಾಣುವ ಹಾಗೆ ಸುತ್ತಿದೆ. ದಾರಿಯುದ್ದಕ್ಕೂ ಉಗುರು ಒತ್ತಿ ನೋಡುತ್ತಲೇ ಇಳಿದೆ.

ಕೆಳಗೆ ಡಾಕ್ಟರ್ ಹೊಲಿಗೆ ಹಾಕಿ ಧನುರ್ವಾಯು ಬಾರದಂತೆ ಟಿಟಿ ಇಂಜೆಕ್ಷನ್ ಕೊಟ್ಟರು. ಇನ್ಸಿಡೆಂಟ್ ಫಾರ್ಮಿನಲ್ಲಿ ಗಾಜ್, ಗ್ಲೌಸ್, ಗಾಯ ತೊಳೆಯಲು ಸಲೈನ್ ಅಂತ ದೊಡ್ಡಕ್ಷರದಲ್ಲಿ ಬರೆದು ಕಳಿಸಿದೆ. ಆಫೀಸಿನಿಂದ ಬಂದದ್ದು ಹೊಸ ಲೋಗೋ ಇರುವ ಕಿಟ್ ಬ್ಯಾಗು. ಒಳಗೆ ಇನ್ನೊಂದು ಸ್ಪ್ರೇ.