ಮೂರು ಗಂಟೆಯ ಟೆಂಡರ್‌ಗೆ ಹೋಗಿ ಅಂದಿದ್ದೆ

ಮೊನ್ನೆ ಉಪ್ಪಳ ಪೇಟೆಯಲ್ಲಿ ಪರಿಚಯದವರೊಬ್ಬರು ಸಿಕ್ಕಿದರು. ಅವರ ಮಗ ಅಮೆರಿಕದಲ್ಲಿ ಇದ್ದಾನೆ. ಬರುವ ಜನವರಿಯಲ್ಲಿ ಅಪ್ಪ ಅಮ್ಮನನ್ನು ಮಯಾಮಿಯಿಂದ ನಾಲ್ಕು ದಿನದ ಕ್ರೂಸ್‌ಗೆ ಕರೆದುಕೊಂಡು ಹೋಗುತ್ತಾನಂತೆ. "ಒಂದು ದಿನ ಕಂಪನಿಯವರದ್ದೇ ದ್ವೀಪದಲ್ಲಿ ಇಳಿಸ್ತಾರಂತೆ. ಅಲ್ಲಿ ಎಂತ ಮಾಡ್ಲಿಕ್ಕೆ ಉಂಟು? ನೀನು ಅದೇ ಕೆಲಸದವನಲ್ವಾ, ಹೇಳು" ಅಂದರು. ಬಸ್‌ಸ್ಟ್ಯಾಂಡಿನಲ್ಲಿ ನಿಂತುಕೊಂಡೇ ಅರ್ಧ ಗಂಟೆ ಹೇಳಿದೆ. ಮನೆಗೆ ಬಂದ ಮೇಲೆ ಎರಡು ವರ್ಷದ ಹಿಂದೆ ಅಂಥದ್ದೇ ದ್ವೀಪದಲ್ಲಿ ನನಗೆ ಸಿಕ್ಕಿದ್ದ ಮಾಷ್ಟ್ರು ಒಬ್ಬರು ಮತ್ತೆ ಮತ್ತೆ ನೆನಪಾದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕ್ರೂಸ್ ಹಡಗಿನಲ್ಲಿ ನನ್ನದು ಬಾರ್ ಡಿಪಾರ್ಟ್‌ಮೆಂಟ್. ಆರು ಕಾಂಟ್ರಾಕ್ಟ್ ಆಯಿತು. ಬಹಾಮಾಸ್‌ನ ಕಂಪನಿ ದ್ವೀಪದಲ್ಲಿ ಹಡಗು ನಿಲ್ಲುವ ದಿನ ಐಪಿಎಂ (ಹಡಗಿನಲ್ಲೇ ಉಳಿಯಬೇಕಾದ ಪಾಳಿ) ಇಲ್ಲದಿದ್ದರೆ ಬೀಚ್ ಡ್ಯೂಟಿ. ಬೆಳಿಗ್ಗೆ ಆರಕ್ಕೆ ಕ್ರೂ ಟೆಂಡರ್, ಅಂದರೆ ಕೆಲಸದವರನ್ನು ಹಡಗಿನಿಂದ ದಡಕ್ಕೆ ಸಾಗಿಸುವ ಸಣ್ಣ ಬೋಟ್. ಐಸ್, ಸೋಡಾ, ಬಿಯರ್ ಕೇಸ್ ಎಲ್ಲ ನಾವೇ ಹೊತ್ತು ಇಳಿಸಬೇಕು. ಎಂಟೂವರೆಗೆ ಗೆಸ್ಟ್ ಬೋಟ್ ಬರುತ್ತದೆ. ಅಷ್ಟರಲ್ಲಿ ಸೆಟಪ್ ಮುಗಿದಿರಬೇಕು. ಸಂಜೆ ಬ್ರೇಕ್‌ಡೌನ್ (ಎಲ್ಲ ಬಿಚ್ಚಿ ಕಟ್ಟುವ ಕೆಲಸ) ಮುಗಿಸಿ ಎಲ್ಲರಿಗಿಂತ ಕೊನೆಗೆ ವಾಪಸ್.

ಎರಡು ವರ್ಷದ ಹಿಂದಿನ ಮಾತು. ಅದೂ ಜನವರಿಯೇ. ಬೆಳಿಗ್ಗೆ ಒಂಬತ್ತರ ಹೊತ್ತಿಗೆ ಕುರ್ಚಿಗಳ ಸಾಲಿನ ಹತ್ತಿರ ಕನ್ನಡ ಕೇಳಿಸಿತು. "ಇಲ್ಲೇ ಕೂರುವನಾ? ನೆರಳುಂಟು." ತಿರುಗಿ ನೋಡಿದೆ. ಎಪ್ಪತ್ತು ದಾಟಿದ ಗಂಡ ಹೆಂಡತಿ. ಯಜಮಾನರು ಮಗಳು ತೆಗೆದುಕೊಟ್ಟ ಬರ್ಮುಡಾ ಹಾಕಿದ್ದರು, ಹೆಗಲ ಮೇಲೆ ಮಾತ್ರ ನಮ್ಮೂರ ಕೆಂಪು ಬೈರಾಸ್. ಮಾತಾಡಿಸದೆ ಇರುವುದು ಹೇಗೆ? "ಎಲ್ಲಿಯವರು?" ಅಂದೆ. ಬದಿಯಡ್ಕದ ಕಡೆಯವರು. ಯಜಮಾನರು ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿದ್ದು ರಿಟೈರ್ ಆದವರು. ನಾನು ಮಂಜೇಶ್ವರದವ ಅಂದಾಗ ಅವರ ಹೆಂಡತಿಯ, ಆ ಅಮ್ಮನ ಮುಖ ಅರಳಿತು. "ಇಷ್ಟು ದೂರ ಬಂದು ನಮ್ಮವನೊಬ್ಬ ಸಿಕ್ಕಿದನಲ್ಲ" ಅಂದರು. ಮಗಳು, ಅಳಿಯ, ಇಬ್ಬರು ಮಕ್ಕಳು ಶೋರೆಕ್ಸ್‌ನವರ (ದಡದ ಪ್ರವಾಸ ಏರ್ಪಡಿಸುವವರು) ಸ್ನಾರ್ಕೆಲ್ ಬೋಟಿಗೆ, ಮುಖವಾಡ ಹಾಕಿ ಈಜುತ್ತಾ ಮೀನು ನೋಡಲಿಕ್ಕೆ, ಹೊರಟಿದ್ದರು. ಮಗಳು ನನ್ನ ಕಡೆ ನೋಡಿದಳು. ನಾನೇ ಹೇಳಿದೆ, "ಹೋಗಿ ಬನ್ನಿ ಅಕ್ಕ, ನಾನಿದ್ದೇನೆ."

ಆ ಬೆಳಿಗ್ಗೆ ತುಂಬ ಚಂದ ಇತ್ತು. ನೀರು ಗಾಜಿನ ಹಾಗೆ. ಮಾಷ್ಟ್ರು ಮೊಣಕಾಲಿನವರೆಗೆ ಇಳಿದು ನಿಂತರು. ಅವರ ಕಾಲಿನ ಉಗುರು ಸಹ ಮೇಲಿನಿಂದ ಕಾಣುತ್ತಿತ್ತು. ಬೆರಳುದ್ದದ ಬಿಳಿ ಮೀನು ನಾಲ್ಕೈದು ಬಂದು ಪಾದದ ಸುತ್ತ ತಿರುಗಿದವು. ಅವರು ಕಾಲು ಎತ್ತಲಿಲ್ಲ, ಅಲುಗಾಡಲಿಲ್ಲ. ಹಾಗೇ ನೋಡುತ್ತಾ ನಿಂತರು. ಆಮೇಲೆ ಬಗ್ಗಿ ಒಂದು ಹಿಡಿ ಮರಳು ತೆಗೆದು ಅಂಗೈಯಲ್ಲಿ ಹರಡಿಕೊಂಡರು. "ಇದು ನಮ್ಮಲ್ಲಿಯ ಹೊಯ್ಗೆ ಅಲ್ಲ ಮಾರಾಯ. ಇದು ಸುಣ್ಣ" ಅಂದರು. ನಿಜವೇ. ಬಹಾಮಾಸ್‌ನ 700ಕ್ಕೂ ಹೆಚ್ಚು ದ್ವೀಪಗಳ ನೆಲ ಸುಣ್ಣಕಲ್ಲು. ಕೆಸರು ತಂದು ಸಮುದ್ರಕ್ಕೆ ಸುರಿಯುವ ದೊಡ್ಡ ಹೊಳೆಗಳು ಅಲ್ಲಿಲ್ಲ. "ನಮ್ಮ ಕಾಸರಗೋಡು ಒಂದು ಜಿಲ್ಲೆಯಲ್ಲೇ 12 ಹೊಳೆ. ಮಳೆಗಾಲದಲ್ಲಿ ಗುಡ್ಡೆಯ ಕೆಂಪು ಮಣ್ಣೆಲ್ಲ ಕಡಲಿಗೆ. ಇಷ್ಟು ತಿಳಿ ಎಲ್ಲಿಂದ ಆಗ್ಬೇಕು?" ಅಂತ ಪಾಠ ಮಾಡುವ ಹಾಗೆ ಬೆರಳು ಮಡಚಿ ಲೆಕ್ಕ ಹಾಕಿದರು. ಚಂದ್ರಗಿರಿ, ಶಿರಿಯ, ಮೊಗ್ರಾಲ್, ಉಪ್ಪಳ.

ಹಡಗಿನವರು ದ್ವೀಪ ಯಾಕೆ ಇಟ್ಟುಕೊಂಡಿದ್ದಾರೆ ಅಂತಲೂ ಕೇಳಿದರು. ಗೊತ್ತಿದ್ದಷ್ಟು ಹೇಳಿದೆ. 1977ರಲ್ಲಿ ನಾರ್ವೇಜಿಯನ್ ಅನ್ನುವ ಕ್ರೂಸ್ ಕಂಪನಿ ಬಹಾಮಾಸ್‌ನ ಗ್ರೇಟ್ ಸ್ಟಿರಪ್ ಕೇ ಅನ್ನುವ ದ್ವೀಪ ಕೊಂಡಿತು, ಇದೆಲ್ಲ ಶುರುವಾದದ್ದು ಅಲ್ಲಿಂದ. ಅಮೆರಿಕದಲ್ಲಿ 1886ರ ಒಂದು ಕಾನೂನು ಉಂಟು. ಅದರಿಂದಾಗಿ ವಿದೇಶಿ ಬಾವುಟದ ಹಡಗು ಮಯಾಮಿಯಲ್ಲಿ ಜನ ಹತ್ತಿಸಿ ಮಯಾಮಿಗೇ ವಾಪಸ್ ಬರಬೇಕಾದರೆ ನಡುವೆ ವಿದೇಶದ ಜಾಗ ಒಂದನ್ನು ಮುಟ್ಟಬೇಕು. ಬಹಾಮಾಸ್ ಒಂದು ರಾತ್ರಿಯ ದಾರಿ. ಮಾಷ್ಟ್ರು ಇದನ್ನೆಲ್ಲ ಆಸೆಯಿಂದ ಕೇಳಿದರು. ಅಷ್ಟು ಗಮನ ಕೊಟ್ಟು ಕೇಳುವ ಗೆಸ್ಟ್ ನನಗೆ ಅಪರೂಪ.

ಹನ್ನೊಂದೂವರೆಗೆ ಲಂಚ್ ತೆರೆಯಿತು. ಬಾರ್ಬೆಕ್ಯೂ ಕೋಳಿ, ಬರ್ಗರ್, ಹಾಟ್‌ಡಾಗ್. ಸಾಲು ಉದ್ದ ಇತ್ತು. ನಾನು ಬಾರಿನಲ್ಲಿ ಸಿಕ್ಕಿಬಿದ್ದಿದ್ದೆ. ಅವರು ಏನು ತಿಂದರು ಅಂತ ನೋಡಲಿಲ್ಲ.

ಹನ್ನೆರಡೂವರೆಗೆ ಮಾಷ್ಟ್ರು ಬಾರಿನ ಹತ್ತಿರ ಬಂದರು. "ನಾವು ಇನ್ನು ಹಡಗಿಗೆ ಹೋಗ್ತೇವೆ ಆಯ್ತಾ? ರೂಮಿನಲ್ಲಿ ಸ್ವಲ್ಪ ಕೆಲಸ ಉಂಟು." ಆ ಹೊತ್ತಿಗೆ ಟೆಂಡರ್ ಖಾಲಿ ಖಾಲಿ ಹೋಗುತ್ತಿತ್ತು. ಹತ್ತು ನಿಮಿಷದಲ್ಲಿ ಅವರು ರೂಮಿನಲ್ಲಿ ಇರುತ್ತಿದ್ದರು. ನಾನು ಬಿಡಲಿಲ್ಲ. "ಈಗಲೇ ಎಂತ ಹೋಗುದು ಮಾಷ್ಟ್ರೇ? ಇಷ್ಟು ದೂರ ಬಂದದ್ದು, ಇಷ್ಟು ದುಡ್ಡು ಕೊಟ್ಟದ್ದು. ನಾಲ್ಕೂವರೆಯವರೆಗೆ ಬೋಟ್ ಉಂಟು. ಮೂರು ಗಂಟೆಯದ್ದಕ್ಕೆ ಹೋಗಿ, ರಶ್ ಇರುದಿಲ್ಲ" ಅಂದೆ. ಅವರು ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ "ಆಯ್ತು ಮಾರಾಯ, ನೀನು ಹೇಳಿದ ಹಾಗೆ" ಅಂತ ವಾಪಸ್ ಹೋಗಿ ಕುಳಿತರು. ರೂಮಿನಲ್ಲಿ ಎಂತ ಕೆಲಸ ಅಂತ ನಾನು ಕೇಳಲಿಲ್ಲ. ಅದೊಂದು ಪ್ರಶ್ನೆ ಕೇಳಬೇಕಿತ್ತು.

ಒಂದು ಗಂಟೆಗೆ ಮಗಳು ಸ್ನಾರ್ಕೆಲ್ ಮುಗಿಸಿ ಬಂದಳು. ಸಣ್ಣ ಹುಡುಗನ ಬೆನ್ನು ಬಿಸಿಲಿಗೆ ಕೆಂಪಾಗಿತ್ತು. ಬಿಳಿ ಮರಳು ಯುವಿ ಕಿರಣವನ್ನು ಶೇ 15ರಷ್ಟು ವಾಪಸ್ ಎಸೆಯುತ್ತದೆ. ಕೊಡೆಯ ಅಡಿಯಲ್ಲಿ ಕುಳಿತರೂ ಚರ್ಮ ಸುಡಲು ಅದೂ ಒಂದು ಕಾರಣ. ಹುಡುಗ ಅಳುತ್ತಿದ್ದ. ಮಗಳು ಅಳಿಯ ಮಕ್ಕಳನ್ನು ಕರೆದುಕೊಂಡು ಮೊದಲು ಹೋದರು. ಆಗಲೂ ನಾನು ಹೇಳಿದ್ದು ಅದೇ ಮಾತು. "ಇವರನ್ನು ಮೂರರ ಬೋಟಿಗೆ ನಾನೇ ಹತ್ತಿಸ್ತೇನೆ."

ಒಂದೂಕಾಲಿಗೆ ರೇಡಿಯೋದಲ್ಲಿ ಬಂತು, ಬ್ರಿಡ್ಜ್ (ಹಡಗು ನಡೆಸುವ ಕೋಣೆ) ಗಾಳಿಯನ್ನು ಮಾನಿಟರ್ ಮಾಡುತ್ತಾ ಇದೆ ಅಂತ. ಚಳಿಗಾಲದಲ್ಲಿ ವಾರಕ್ಕೊಮ್ಮೆಯಾದರೂ ಕೇಳುವ ಮಾತು ಅದು. ತಲೆಗೆ ಹಚ್ಚಿಕೊಳ್ಳಲಿಲ್ಲ. ಎರಡು ಗಂಟೆಗೆ ಗಾಳಿ ಪೂರ್ತಿ ಬಿದ್ದುಹೋಯಿತು. ತೆಂಗಿನ ಗರಿ ಸಹ ಅಲುಗಾಡಲಿಲ್ಲ. ನನ್ನ ಅಪ್ಪ ಕೈರಂಪಣಿಗೆ (ದಡದಿಂದ ಬಲೆ ಎಳೆದು ಮೀನು ಹಿಡಿಯುವುದು) ಹೋಗುತ್ತಿದ್ದವರು. ಬೀಸುವ ಗಾಳಿ ಇದ್ದಕ್ಕಿದ್ದ ಹಾಗೆ ನಿಂತರೆ ಅದು ದಿಕ್ಕು ಬದಲಾಯಿಸುತ್ತದೆ, ಬಲೆ ಎಳೆದುಬಿಡಿ ಅನ್ನುತ್ತಿದ್ದರು. ಅವರ ಮಗ ನಾನು, ಅದೇ ಹೊತ್ತಿನಲ್ಲಿ ಬಿಯರ್ ಕ್ಯಾನ್ ಎಣಿಸುತ್ತಿದ್ದೆ.

ಹತ್ತು ನಿಮಿಷ ಕಳೆಯುವಷ್ಟರಲ್ಲಿ ವಾಯವ್ಯದಿಂದ ತಣ್ಣನೆಯ ಗಾಳಿ ನುಗ್ಗಿತು. ಬಹಾಮಾಸ್‌ನಲ್ಲಿ ಜನವರಿಯ ಕೋಲ್ಡ್ ಫ್ರಂಟ್ ಹಾಗೆಯೇ. ತೆಂಕು ಗಾಳಿ ಪಡುವಣಕ್ಕೆ ತಿರುಗಿ, ಆಮೇಲೆ ಬಡಗಿನಿಂದ ಬಡಿಯುತ್ತದೆ. ನಮ್ಮ ಜೆಟ್ಟಿ ಇದ್ದದ್ದು ಸರಿಯಾಗಿ ಆ ಮಗ್ಗುಲಿಗೆ. ಕೊಡೆಗಳು ಉರುಳಿದವು. ಕೊನೆಯ ಟೆಂಡರ್ ನಾಲ್ಕೂವರೆಯಿಂದ ಮೂರೂವರೆಗೆ ಬಂತು ಅಂತ ಮೈಕಿನಲ್ಲಿ ಹೇಳಿದ್ದೇ ತಡ, ಇಡೀ ಬೀಚ್ ಒಮ್ಮೆಲೇ ಎದ್ದು ಜೆಟ್ಟಿಯ ಕಡೆ ನಡೆಯಿತು. ಸಾವಿರಕ್ಕೂ ಮಿಕ್ಕಿ ಜನ. ಬೋಟಿಗೆ ನೂರು ಚಿಲ್ಲರೆ. ಎರಡು ಮುಕ್ಕಾಲಿಗೆ ಬ್ರಿಡ್ಜ್ ಟೆಂಡರ್ ನಿಲ್ಲಿಸಿತು. ಹಡಗಿನ ಪ್ಲಾಟ್‌ಫಾರ್ಮಿನ ಹತ್ತಿರ ಅಲೆ ಜಾಸ್ತಿ, ಜನ ಹತ್ತಿಸಲು ಆಗುವುದಿಲ್ಲ ಅಂತ.

ನಾನು ಸಾಲಿನ ಉದ್ದಕ್ಕೂ ಹುಡುಕಿಕೊಂಡು ಓಡಿದೆ. ಮಾಷ್ಟ್ರು ಜೆಟ್ಟಿಯ ಕಟ್ಟೆಯ ಮೇಲೆ ಕುಳಿತಿದ್ದರು. ಗಾಳಿ ಅಷ್ಟು ತಣ್ಣಗಿದ್ದರೂ ಅವರ ಹಣೆ ತುಂಬ ಬೆವರು. ಬೈರಾಸ್ ಹಿಡಿದ ಕೈ ನಡುಗುತ್ತಿತ್ತು. "ಮಾಷ್ಟ್ರೇ" ಅಂದೆ. ನನ್ನನ್ನು ನೋಡಿದರು, ಗುರುತು ಹತ್ತದವರ ಹಾಗೆ. ಅಮ್ಮ ಮೆಲ್ಲ ಹೇಳಿದರು, "ಅವರಿಗೆ ಶುಗರ್ ಉಂಟು ಮಗಾ. ಬೆಳಿಗ್ಗೆ ಮಾತ್ರೆ ತಗೊಂಡಿದ್ದಾರೆ. ಮಧ್ಯಾಹ್ನ ಬಚ್ಚಂಗಾಯಿ ಎರಡು ತುಂಡು ಬಿಟ್ರೆ ಏನೂ ತಿನ್ನಲಿಲ್ಲ. ಕೋಳಿಯ ಹತ್ತಿರ ಇಟ್ಟದ್ದು ಬೇಡ ಅಂದ್ರು. ರೂಮಿನಲ್ಲಿ ಮನೆಯ ಅವಲಕ್ಕಿ ಉಂಟು, ಅದನ್ನು ತಿನ್ಲಿಕ್ಕೆ ಹೋಗುವ ಅಂತ ಆಗ ನಿನ್ನ ಹತ್ತಿರ ಕೇಳಿದ್ದು."

ನಾಚಿಕೆಯಿಂದ ಅವರು ಹಸಿವು ಅನ್ನಲಿಲ್ಲ. ಕೆಲಸ ಉಂಟು ಅಂದರು. ನಮ್ಮ ಕಡೆಯ ಹಿರಿಯರು ಹಾಗೆಯೇ ಹೇಳುವುದು ಅಂತ ನನಗೆ ಗೊತ್ತಿರಬೇಕಿತ್ತು.

ಬಾರಿಗೆ ಓಡಿದೆ. ಇನ್ವೆಂಟರಿ ಕ್ಲೋಸ್ ಆಗಿತ್ತು. ಫ್ರಿಜ್‌ಗೆ ಸೀಲ್ ಹಾಕಿ ಆಗಿತ್ತು. ಸೀಲ್ ಕಿತ್ತೆ. ಗಾಬರಿಯಲ್ಲಿ ಕೈಗೆ ಮೊದಲು ಸಿಕ್ಕಿದ್ದು ಡಯಟ್ ಕೋಲಾ. ಅದನ್ನು ಇಟ್ಟು ಸಕ್ಕರೆಯದ್ದು ತೆಗೆದುಕೊಂಡೆ. ದ್ವೀಪದ ನರ್ಸ್ ಕಾಲು ಉಳುಕಿದ ಗೆಸ್ಟ್ ಒಬ್ಬರ ಜೊತೆ ಮೊದಲಿನ ಬೋಟಿನಲ್ಲಿ ಹಡಗಿಗೆ ಹೋಗಿದ್ದಳು. ರೇಡಿಯೋದಲ್ಲಿ ಅವಳು ಹೇಳಿದಳು, ಎಚ್ಚರ ಇದ್ದರೆ, ನುಂಗಲು ಆದರೆ ಅರ್ಧ ಕ್ಯಾನ್ ಕುಡಿಸು, ಹದಿನೈದು ನಿಮಿಷ ನೋಡು. ಒಂದೊಂದೇ ಗುಟುಕು ಕುಡಿಸಿದೆ. ಮೊದಲ ಗುಟುಕಿನಲ್ಲಿ ಅರ್ಧ ಗಲ್ಲದ ಮೇಲೆ ಹರಿಯಿತು. ಅಮ್ಮ ಬೈರಾಸಿನಲ್ಲಿ ಒರೆಸಿದರು. ಆ ಹದಿನೈದು ನಿಮಿಷ ನಾನು ಗಡಿಯಾರ ನೋಡಿದ್ದಕ್ಕೆ ಲೆಕ್ಕವಿಲ್ಲ. ಅತ್ತ ಕಡೆ ಹಡಗು ಕಾಣುತ್ತಿತ್ತು, ಒಂದು ಕಿಲೋಮೀಟರ್ ಕೂಡ ದೂರವಿಲ್ಲ. ಅವಲಕ್ಕಿ ಡಬ್ಬಿ ಅಲ್ಲಿ, ನಾವು ಇಲ್ಲಿ, ನಡುವೆ ಬಿಳಿ ನೊರೆ.

ಮಾಷ್ಟ್ರು ಮೆಲ್ಲನೆ ಕಣ್ಣು ಹೊರಳಿಸಿ, "ಬೋಟ್ ಬಂತಾ?" ಅಂದರು. ನನಗೆ ಅಳು ಬಂತು.

ಮೂರು ಇಪ್ಪತ್ತಕ್ಕೆ ಕ್ಯಾಪ್ಟನ್ ಹಡಗು ತಿರುಗಿಸಿ ಲೀ ಮಾಡಿಕೊಟ್ಟರು, ಅಂದರೆ ಗಾಳಿಗೆ ಹಡಗನ್ನೇ ಅಡ್ಡ ಹಿಡಿದು ಬೋಟಿಗೆ ಮರೆ ಮಾಡಿದರು. ಅವರಿಬ್ಬರನ್ನು ಮೊದಲ ಬೋಟಿಗೆ ಹತ್ತಿಸಿದರು. ಸೂಪರ್‌ವೈಸರ್‌ಗೆ ಹೇಳಿ ನಾನೂ ಜೊತೆಗೆ ಹೋದೆ. ಹಡಗಿನ ಬದಿಯಲ್ಲಿ ಬೋಟು ಒಂದು ಆಳೆತ್ತರ ಏರಿ ಇಳಿಯುತ್ತಿತ್ತು. ಇಬ್ಬರು ಸೈಲರ್‌ಗಳು ಮಾಷ್ಟ್ರ ತೋಳು ಹಿಡಿದುಕೊಂಡರು. "ಈಗ ಅಂದಾಗ ಮಾತ್ರ ಕಾಲಿಡಿ" ಅಂತ ನಾನು ಕನ್ನಡದಲ್ಲಿ ಕಿವಿಯ ಹತ್ತಿರ ಹೇಳುತ್ತಿದ್ದೆ. ಒಂದು ಅಲೆ ಹೋಯಿತು. ಎರಡನೆಯದು ಹೋಯಿತು. ಮೂರನೆಯದಕ್ಕೆ ಬೋಟು ಮೇಲೆ ಬಂದು ಒಂದು ಗಳಿಗೆ ನಿಂತಾಗ "ಈಗ" ಅಂದೆ. ಕಾಲಿಟ್ಟರು. ಮಗಳು ಗ್ಯಾಂಗ್‌ವೇಯಲ್ಲೇ ನಿಂತಿದ್ದಳು. ನನಗೆ ಏನೂ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅದೇ ಬೋಟಿನಲ್ಲಿ ವಾಪಸ್ ಹೋಗಿ ಕತ್ತಲಾಗುವವರೆಗೆ ಬ್ರೇಕ್‌ಡೌನ್ ಮಾಡಿದೆ. ಮರುದಿನ ಸೀಲ್ ಕಿತ್ತದ್ದಕ್ಕೆ ವಾಯ್ಡ್ ಸ್ಲಿಪ್ (ಮಾರದೆ ತೆಗೆದ ಸಾಮಾನಿನ ಚೀಟಿ) ಯಾಕೆ ಇಲ್ಲ ಅಂತ ಆಫೀಸಿನಿಂದ ಪ್ರಶ್ನೆ. ದ್ವೀಪದಲ್ಲಿ ಆ ಚೀಟಿಯ ಮೆಷಿನ್‌ಗೆ ಸಿಗ್ನಲ್ ಸಿಗುವುದೇ ಇಲ್ಲ ಅಂತ ಎಷ್ಟು ಸಲ ಬರೆದು ಕೊಟ್ಟಿದ್ದೇವೆ! ಒಂದು ಕ್ಯಾನ್ ಕೋಲಾಕ್ಕೆ ಮೂರು ಸಹಿ ಬೇಕಾಯಿತು. ಹಿಂದಿನ ರಾತ್ರಿ ರೂಮಿಗೆ ಹಾಕುವ ಕಾಗದದಲ್ಲಿ ಕೊನೆಯ ಟೆಂಡರ್ ನಾಲ್ಕೂವರೆ ಅಂತ ದಪ್ಪ ಅಕ್ಷರದಲ್ಲಿ ಹಾಕುತ್ತಾರೆ. ಗಾಳಿ ಎದ್ದರೆ ಅದು ಬದಲಾಗುತ್ತದೆ ಅನ್ನುವುದನ್ನು ಕೆಳಗೆ ಎಲ್ಲೋ ಸಣ್ಣಕ್ಷರದಲ್ಲಿ ಹಾಕುತ್ತಾರೆ. ಎರಡನ್ನೂ ಒಂದೇ ಅಳತೆಯಲ್ಲಿ ಹಾಕಿದರೆ ಅವರಿಗೆ ನಷ್ಟ ಏನು? ಕೇಳಿದ್ದೇನೆ. ಉತ್ತರ ಬಂದಿಲ್ಲ.

ಆದರೆ ಮಾಷ್ಟ್ರನ್ನು ಕೂರಿಸಿದ್ದು ಕಾಗದ ಅಲ್ಲ, ನಾನು. ದ್ವೀಪದ ಪೂರ್ತಿ ಲಾಭ ಅಂದರೆ ಜಾಸ್ತಿ ಹೊತ್ತು ಇರುವುದು ಅಂತ ನಾನು ಅಂದುಕೊಂಡಿದ್ದೆ. ಆರು ಕಾಂಟ್ರಾಕ್ಟಿನಲ್ಲಿ ನೋಡಿದ್ದು ಬೇರೆಯೇ. ಅಲ್ಲಿಯ ಚಂದ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ. ನೀರು ಶಾಂತ, ಜನ ಕಡಿಮೆ, ನೆರಳಿನ ಕುರ್ಚಿ ಸಿಗುತ್ತದೆ. ಆ ಎರಡು ಗಂಟೆ ಸಿಕ್ಕಿದವರಿಗೆ ಎಲ್ಲ ಸಿಕ್ಕಿತು. ಮಾಷ್ಟ್ರಿಗೆ ಸಿಕ್ಕಿತ್ತು.

ಉಪ್ಪಳದಲ್ಲಿ ಸಿಕ್ಕಿದ ಆ ಪರಿಚಯದವರಿಗೂ ಇದನ್ನೇ ಹೇಳಿದೆ. ಮೊದಲ ಅಥವಾ ಎರಡನೆಯ ಬೋಟಿಗೆ ಇಳಿಯಿರಿ. ಮಾತ್ರೆ ಕೈಚೀಲದಲ್ಲೇ ಇರಲಿ. ಮನೆಯ ತಿಂಡಿ ದ್ವೀಪಕ್ಕೆ ಇಳಿಸಲು ಬಿಡುವುದಿಲ್ಲ, ಸೀಲ್ ಇರುವ ಬಿಸ್ಕೆಟ್ ಪ್ಯಾಕೆಟ್‌ಗೆ ಸಾಮಾನ್ಯವಾಗಿ ತಕರಾರಿಲ್ಲ. ಸಸ್ಯಾಹಾರಿ ಆದರೆ ಹಿಂದಿನ ರಾತ್ರಿಯೇ ಹೆಡ್ ವೇಟರ್ ಹತ್ತಿರ ಬಾಯಿಬಿಟ್ಟು ಹೇಳಿ. ನಮ್ಮ ದ್ವೀಪದಲ್ಲಿ ಆ ದಿನವೂ ಒಳಗೆ ವೆಜ್ ಬರ್ಗರ್ ಇತ್ತು, ಕೇಳಿದವರಿಗೆ ಮಾತ್ರ. ಮನಸ್ಸಿಗೆ ಸಾಕು ಅನ್ನಿಸಿದ ಕೂಡಲೇ ವಾಪಸ್ ಹೊರಡಿ, ನನ್ನ ಹಾಗೆ ಯಾರು ತಡೆದರೂ ನಿಲ್ಲಬೇಡಿ. ಅವರು ಎಲ್ಲ ಕೇಳಿ, "ಆ ಮಾಷ್ಟ್ರಿಗೆ ಆಮೇಲೆ ಎಂತ ಆಯ್ತು?" ಅಂದರು.

ಹುಷಾರಾಗಿದ್ದಾರೆ. ಈ ರಜೆಯಲ್ಲಿ ಬದಿಯಡ್ಕಕ್ಕೆ ಹೋಗಿ ಬಂದೆ. ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕುಳಿತಿದ್ದರು. ನಾನು ಕ್ಷಮೆ ಕೇಳಿದೆ. ಅವರು ಅದಕ್ಕೆ ಏನೂ ಹೇಳದೆ ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಮೊಣಕಾಲಿನವರೆಗೆ ನೀರು, ಪಾದದ ಸುತ್ತ ಆ ಬಿಳಿ ಮೀನು. "ಇದರ ಹೆಸರು ಎಂತ? ಆ ದಿನ ಕೇಳ್ಲಿಕ್ಕೆ ಬಿಟ್ಟುಹೋಯ್ತು" ಅಂದರು. ನನಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಅಮ್ಮ ಒಂದು ತಟ್ಟೆ ಅವಲಕ್ಕಿ ತಂದು ಮುಂದೆ ಇಟ್ಟರು.

ಮುಂದಿನ ತಿಂಗಳು ಸೈನ್ ಆನ್, ಮತ್ತೆ ಹಡಗು ಹತ್ತುವುದು. ಅದೇ ರೂಟ್. ಬೀಚ್ ಚೀಲಕ್ಕೆ ಗ್ಲೂಕೋಸ್ ಪ್ಯಾಕೆಟ್ ನಾಲ್ಕು ಹಾಕಿ ಆಗಿದೆ. ಮೀನಿನ ಹೆಸರು ಕೇಳಿ ಬರೆದು ಕಳಿಸಬೇಕು.